ಓದುಗರ ಪ್ರಶ್ನೆ, ನನ್ನ ಉತ್ತರ: ಪರದೇಶದ ಹಳೆ ವಿದ್ಯಾರ್ಥಿಗೆ ದಾರಿ ತಾಯಿ ಮನೆಯಿಂದ

ಹೋದ ತಿಂಗಳು ಇದೇ ಪುಟದಲ್ಲಿ ಒಂದು ಸಾಲು ಬರೆದಿದ್ದೆ. ನಾನು ಕೆಲಸ ಮಾಡಿದ ಹಾಸನದ ಕಾಲೇಜಿನ ಹಳೆ ವಿದ್ಯಾರ್ಥಿ ಸಂಘಕ್ಕೆ ಈಗ ಹದಿನಾಲ್ಕು ದೇಶಗಳಲ್ಲಿ ಸದಸ್ಯರಿದ್ದಾರೆ ಅಂತ. ಆ ಒಂದು ಸಾಲಿಗೆ ಇಷ್ಟೊಂದು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ಹಾಗಾಗಿ ಈ ಸಲದ ಪುಟ ಪೂರ್ತಿ ಅದೇ ವಿಷಯಕ್ಕೆ.

ಹೊಸ ಓದುಗರಿಗೆ ಒಂದು ಮಾತು. ನಾನು ಪಾಠ ಮಾಡಿದವಳಲ್ಲ. 1981ರಲ್ಲಿ ಕಾಲೇಜಿನ ಕಚೇರಿಗೆ ಗುಮಾಸ್ತೆಯಾಗಿ ಸೇರಿದೆ. 2014ರಲ್ಲಿ ಸೂಪರಿಂಟೆಂಡೆಂಟ್ ಆಗಿ ನಿವೃತ್ತಳಾದೆ. ಆಮೇಲೆ ಒಂಬತ್ತು ವರ್ಷ ಸಂಘದ ಕಾರ್ಯದರ್ಶಿಯಾಗಿದ್ದೆ. ನಾನು ಹೇಳುವುದೆಲ್ಲ ಟಪಾಲು ಮೇಜಿನ ಮುಂದೆ ಕೂತು ಕಲಿತದ್ದು.

ಪ್ರಶ್ನೆ: ನಾನು ಹಾಸನದಲ್ಲಿ ಸಹಾಯಕ ಪ್ರಾಧ್ಯಾಪಕಿ. ವಿದೇಶದಲ್ಲಿರುವ ಹಳೆ ವಿದ್ಯಾರ್ಥಿಗಳನ್ನು ಒಂದುಗೂಡಿಸುವ ಕೆಲಸ ನನಗೆ ಒಪ್ಪಿಸಿದ್ದಾರೆ. ಆರು ತಿಂಗಳ ಗಡುವು. ಕಚೇರಿಯಲ್ಲಿದ್ದ 3,200 ಇಮೇಲ್ ವಿಳಾಸಗಳಿಗೆ ಪತ್ರ ಕಳಿಸಿದೆ. ಜೊತೆಯಲ್ಲಿ ಹೊಸ ಸಭಾಂಗಣಕ್ಕೆ ದೇಣಿಗೆ ಕೇಳುವ ಫಾರಂ ಇತ್ತು. ಉತ್ತರ ಬಂದದ್ದು ಹನ್ನೊಂದು. ಎಲ್ಲಿ ತಪ್ಪಿದೆ?

ಉತ್ತರ: ಆ ಫಾರಂನಲ್ಲಿ ತಪ್ಪಿದೆ ತಾಯಿ. ಇಪ್ಪತ್ತು ವರ್ಷ ಹೇಗಿದ್ದೀಯ ಅಂತ ಕೇಳದ ಮನೆಯಿಂದ ಒಂದು ದಿನ ಕಾಗದ ಬರುತ್ತದೆ. ಒಡೆದು ನೋಡಿದರೆ ಚಂದಾ ರಸೀದಿ. ಯಾರಿಗಾದರೂ ಮನಸ್ಸು ಮುರಿಯುತ್ತದೆ ಅಲ್ವಾ? ಅಷ್ಟಾದರೂ ಉತ್ತರ ಬರೆದ ಹನ್ನೊಂದು ಜನ ಬಂಗಾರದಂಥವರು. ಇವತ್ತೇ ಒಬ್ಬೊಬ್ಬರಿಗೂ ಬೇರೆ ಬೇರೆ ಪತ್ರ ಬರೆಯಿರಿ. ಹಣದ ಮಾತು ಬೇಡ.

ನನಗೆ ಇದು ಗೊತ್ತಾದ ಬಗೆ ಹೇಳುತ್ತೇನೆ. 2013ರಲ್ಲಿ ಕೆನಡಾ ದೇಶ ವಲಸೆ ಅರ್ಜಿ ಹಾಕುವ ನುರಿತ ಕೆಲಸಗಾರರಿಗೆ ಓದಿನ ಮೌಲ್ಯಮಾಪನ ವರದಿ ಕಡ್ಡಾಯ ಮಾಡಿತು. ಅಂಕಗಳ ಟ್ರಾನ್ಸ್‌ಕ್ರಿಪ್ಟ್ ಮುಚ್ಚಿದ ಲಕೋಟೆಯಲ್ಲಿ, ಮೊಹರು ಹಾಕಿ, ವಿಶ್ವವಿದ್ಯಾಲಯದಿಂದಲೇ ನೇರವಾಗಿ ಮೌಲ್ಯಮಾಪನ ಸಂಸ್ಥೆಗೆ ಹೋಗಬೇಕಿತ್ತು. ಆ ವರ್ಷ ನಮ್ಮ ಕಚೇರಿಗೆ ಹೊರದೇಶದ ಕಾಗದಗಳು ಜಾಸ್ತಿಯಾದವು. ಶಾರ್ಜಾದಿಂದ ಒಬ್ಬ ಹುಡುಗ ಬರೆದಿದ್ದ. 1996ರಲ್ಲಿ ಬಿಎಸ್ಸಿ ಮುಗಿಸಿದವನು. ಅಲ್ಲಿ ಲ್ಯಾಬ್ ಟೆಕ್ನಿಷಿಯನ್. ಐದು ತಿಂಗಳಲ್ಲಿ ನಾಲ್ಕು ಪತ್ರ ಬಂದಿವೆ. ನಾಲ್ಕೂ ಒಂದೇ ಟ್ರೇಯಲ್ಲಿ, ಒಂದರ ಮೇಲೊಂದು. ಯಾರೂ ಉತ್ತರ ಬರೆದಿರಲಿಲ್ಲ. ಆ ಕಚೇರಿಗೆ ನಾನೇ ಮುಖ್ಯಸ್ಥೆ. ನಾಲ್ಕನೆಯ ಪತ್ರದ ಕೊನೆಯಲ್ಲಿ ಹೀಗೆ ಬರೆದಿದ್ದ: "ಮೇಡಂ, ನಾನು ಓದಿದ್ದು ನಿಮ್ಮಲ್ಲೇ ಹೌದಾ ಅಂತ ನನಗೇ ಅನುಮಾನ ಬರುತ್ತಿದೆ."

ಆ ಸಾಲು ಓದಿ ಒಂದು ರಾತ್ರಿ ನಿದ್ದೆ ಬರಲಿಲ್ಲ. ಮಾರನೆಯ ದಿನ ಹಳೆ ರಿಜಿಸ್ಟರ್ ತೆಗೆಸಿದೆ. ಅವನ ಡಿಗ್ರಿ ಮೈಸೂರು ವಿಶ್ವವಿದ್ಯಾಲಯದ್ದು. ಅಂಕಪಟ್ಟಿಗಳ ನಕಲು ಜೋಡಿಸಿ, ಪ್ರಿನ್ಸಿಪಾಲರ ಸಹಿ ಹಾಕಿಸಿ, ಹೊಳೆನರಸೀಪುರದ ಮೇಲೆ ಹೋಗುವ ಬಸ್ಸು ಹತ್ತಿ ಮೈಸೂರಿಗೆ ಹೋದೆ. ಅರ್ಜಿ ಕೊಟ್ಟು, ಹತ್ತು ದಿನ ಬಿಟ್ಟು ಮತ್ತೆ ಹೋಗಿ ವಿಚಾರಿಸಿದೆ. ಲಕೋಟೆ ಟೊರಾಂಟೊಗೆ ಹೋಯಿತು. ಎರಡು ವರ್ಷಕ್ಕೆ ಅವನೂ ಹೋದ. ಅಲ್ಲಿ ಇಳಿದ ವಾರದಲ್ಲೇ ನನಗೆ ಫೋನ್ ಮಾಡಿ, ತನಗೆ ಗೊತ್ತಿರುವ ನಮ್ಮ ಕಾಲೇಜಿನವರ ಮೂವತ್ತೆಂಟು ಹೆಸರು ಬರೆಸಿದ. ನಮ್ಮ ವಿದೇಶಿ ಪಟ್ಟಿ ಶುರುವಾದದ್ದು ಆ ಮೂವತ್ತೆಂಟರಿಂದ. ಅವರಲ್ಲಿ ಒಬ್ಬರಿಗೂ ನಾವು ದೇಣಿಗೆ ಫಾರಂ ಕಳಿಸಿರಲಿಲ್ಲ.

ಹಾಗಾಗಿ ನಿಮ್ಮ ಮೊದಲ ಕೆಲಸ ಇದು. ಕಚೇರಿಗೆ ಹೋಗಿ, ಕಳೆದ ಎರಡು ವರ್ಷದಲ್ಲಿ ಹೊರದೇಶದಿಂದ ಬಂದ ಟ್ರಾನ್ಸ್‌ಕ್ರಿಪ್ಟ್ ಅರ್ಜಿ, ಡಿಗ್ರಿ ಪರಿಶೀಲನೆ ಅರ್ಜಿ, ಹೆಸರು ತಿದ್ದುಪಡಿ ಅರ್ಜಿ ಎಲ್ಲ ತೆಗೆಸಿ ನೋಡಿ. ಆ ಜನ ತಾವಾಗಿಯೇ ನಿಮ್ಮ ಬಾಗಿಲು ತಟ್ಟಿದ್ದಾರೆ. ಅವರ ವಿಳಾಸವೂ ತಾಜಾ. ಒಬ್ಬ ಗುಮಾಸ್ತರನ್ನು ಇದಕ್ಕೆಂದೇ ಕೇಳಿ ಪಡೆಯಿರಿ. ಹದಿನೈದು ದಿನದೊಳಗೆ ಉತ್ತರ ಅಂತ ಗೋಡೆಯ ಮೇಲೆ ಬರೆದು ಹಾಕಿ, ಹಾಗೇ ನಡೆಸಿ.

ಎರಡನೆಯದು, ದಾಖಲಾತಿ ರಿಜಿಸ್ಟರ್. ಇಮೇಲ್ ಸಾಯುತ್ತದೆ, ಮೊಬೈಲ್ ನಂಬರ್ ಬದಲಾಗುತ್ತದೆ. ತಂದೆಯ ಹೆಸರು, ಊರು, ಹೋಬಳಿ, ತಾಲ್ಲೂಕು ಬದಲಾಗುವುದಿಲ್ಲ. 2015ರ ಬೇಸಿಗೆಯಲ್ಲಿ ನಾವು ಐದು ಜನ ಕೂತು 1978ರಿಂದ 2000ದವರೆಗಿನ ರಿಜಿಸ್ಟರ್‌ಗಳನ್ನು ತಾಲ್ಲೂಕುವಾರು ಬಿಡಿಸಿದೆವು. ಆಲೂರು, ಅರಕಲಗೂಡು, ಅರಸೀಕೆರೆ, ಬೇಲೂರು, ಚನ್ನರಾಯಪಟ್ಟಣ, ಹಾಸನ, ಹೊಳೆನರಸೀಪುರ, ಸಕಲೇಶಪುರ. ಎಂಟು ತಾಲ್ಲೂಕು, ಎಂಟು ನೋಟುಬುಕ್ಕು. ಹೊರಜಿಲ್ಲೆಯವರಿಗೆ ಒಂಬತ್ತನೆಯದು. ಆಮೇಲೆ ಭಾನುವಾರಕ್ಕೊಂದು ಹೋಬಳಿ.

ಭಾನುವಾರ ಬೆಳಿಗ್ಗೆಯೇ ಯಾಕೆ ಅಂದರೆ, ಆಗ ಅಮೆರಿಕದಲ್ಲಿ ಶನಿವಾರ ರಾತ್ರಿ. ಮಕ್ಕಳು ಮನೆಗೆ ಫೋನ್ ಮಾಡುವ ಹೊತ್ತು. ಮೊದಲು ಮೊದಲು ಮನೆಯವರು ನಮ್ಮನ್ನು ಇನ್ಶೂರೆನ್ಸ್‌ನವರು ಅಂದುಕೊಂಡರು. ಅದಕ್ಕೇ ಹೋಗುವಾಗ ಮಗನ ದಾಖಲಾತಿ ಅರ್ಜಿಯ ನಕಲು ಒಯ್ಯತೊಡಗಿದೆವು. ಹದಿನೇಳು ವರ್ಷದ ಮೀಸೆ ಮೂಡದ ಹುಡುಗನ ಫೋಟೋ ಅದರ ಮೂಲೆಯಲ್ಲಿ. ಅಬ್ಬನದ ಹತ್ತಿರ ಒಂದು ಮನೆಯಲ್ಲಿ ಆ ಫೋಟೋ ನೋಡಿದ ತಾಯಿ ನಮ್ಮನ್ನು ಮಾತೇ ಆಡಿಸದೆ ಒಳಗೆ ಹೋದರು. ಬೇಸರ ಮಾಡಿಕೊಂಡರೇನೋ ಅಂತ ಎದ್ದು ನಿಂತೆವು. ಅವರು ಫೋನ್ ಕಿವಿಗಿಟ್ಟುಕೊಂಡೇ ಹೊರಗೆ ಬಂದರು. "ತಗೊಳ್ಳಿ, ನೀವೇ ಮಾತಾಡಿ, ಅವನು ಲೈನಿನಲ್ಲಿದ್ದಾನೆ" ಅಂದರು. ಅಮ್ಮನ ಫೋನಿನಿಂದ ಕಾಲೇಜು ಮಾತಾಡಿದರೆ ಯಾವ ಮಗನೂ ಇಡುವುದಿಲ್ಲ.

ಇನ್ನೊಂದು ಮಾತು. ನಿಮ್ಮಲ್ಲಿ ನಿವೃತ್ತರಾದ ಲ್ಯಾಬ್ ಅಟೆಂಡರ್, ಹಾಸ್ಟೆಲ್ ಅಡುಗೆಯವರು, ಲೈಬ್ರರಿಯಲ್ಲಿ ಪುಸ್ತಕ ಕೊಡುತ್ತಿದ್ದವರು ಯಾರಿದ್ದಾರೆ ನೋಡಿ. ಅವರನ್ನು ಕಾರಿನಲ್ಲಿ ಕರೆತಂದು ಕೂರಿಸಿ. ಯಾರು ಯಾರ ರೂಂಮೇಟು, ಯಾರು ಯಾರನ್ನು ಮದುವೆಯಾದರು, ಯಾರ ತಮ್ಮ ಈಗ ಎಲ್ಲಿದ್ದಾನೆ ಎಲ್ಲ ಹೇಳುತ್ತಾರೆ. ನಮ್ಮ ಕೆಮಿಸ್ಟ್ರಿ ಲ್ಯಾಬಿನ ಅಟೆಂಡರ್ ಒಬ್ಬರೇ ಒಂದು ಮಧ್ಯಾಹ್ನ ಇಪ್ಪತ್ತಾರು ಜನರ ಸುಳಿವು ಕೊಟ್ಟರು. ಅವರಿಗೆ ಇಮೇಲ್ ಅಂದರೆ ಏನು ಅಂತ ಗೊತ್ತಿರಲಿಲ್ಲ.

ಆರು ತಿಂಗಳಲ್ಲಿ ಎಷ್ಟಾಗುತ್ತದೆ ಅಂತ ಮೇಲಿನವರು ಕೇಳಿದರೆ ನೂರು ಮನೆ ಅಂತ ಹೇಳಿ. ಅಷ್ಟು ಖಂಡಿತ ಆಗುತ್ತದೆ.

ಪ್ರಶ್ನೆ: ನಮ್ಮ ಬ್ಯಾಚಿನ ವಾಟ್ಸಾಪ್ ಗುಂಪಿನಲ್ಲಿ 180 ಜನ ಇದ್ದೇವೆ. ಅರ್ಧದಷ್ಟು ವಿದೇಶದವರೇ. ಬೇರೆ ಸಂಘ ಯಾಕೆ ಬೇಕು? (ಚಿಕ್ಕಮಗಳೂರು)

ಉತ್ತರ: ಗುಂಪು ಇರಲಿ, ಅದರ ಸಲಿಗೆ ಬೇರೆಲ್ಲೂ ಸಿಗುವುದಿಲ್ಲ. ಆದರೆ ಗುಂಪಿಗೆ ಬ್ಯಾಂಕ್ ಖಾತೆ ಇರುವುದಿಲ್ಲ, ನೆನಪೂ ಇರುವುದಿಲ್ಲ. ಅಡ್ಮಿನ್ ಫೋನ್ ಕಳೆದುಕೊಂಡರೆ ಪಟ್ಟಿಯೂ ಹೋಯಿತು. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಕೆಳಗೆ ಏಳು ಜನ ಸೇರಿದರೆ ಸಂಘ ನೋಂದಾಯಿಸಬಹುದು. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ತಂಡ ಬಂದಾಗಲೂ ಹಳೆ ವಿದ್ಯಾರ್ಥಿ ಸಂಘ ನೋಂದಣಿಯಾಗಿದೆಯಾ, ಏನು ಮಾಡಿದೆ ಅಂತ ಕೇಳುತ್ತಾರೆ. ನಿಮ್ಮ ಗುಂಪಿನಿಂದ ಇಬ್ಬರನ್ನು ಪ್ರತಿನಿಧಿಗಳಾಗಿ ಕೊಡಿ. ಒಬ್ಬರು ಊರಿನಲ್ಲಿರುವವರು, ಒಬ್ಬರು ಹೊರಗಿರುವವರು. ಇಬ್ಬರೂ ಹೊರಗಿನವರಾದರೆ ಕೆಲಸ ನಡೆಯುವುದಿಲ್ಲ, ನಾನು ನೋಡಿದ್ದೇನೆ.

ಪ್ರಶ್ನೆ: ಹಾಸನ ವಿಶ್ವವಿದ್ಯಾಲಯ ಶುರುವಾದದ್ದು 2023ರಲ್ಲಿ. ಹೊರದೇಶಕ್ಕೆ ಹೋದವರೆಲ್ಲ ಅದಕ್ಕೂ ಮುಂಚೆ ಓದಿದವರು. ಅವರ ಕೈಯಲ್ಲಿರುವುದು ಮೈಸೂರಿನ ಡಿಗ್ರಿ. ಅವರನ್ನು ನಮ್ಮವರು ಅಂತ ಕರೆಯಬಹುದಾ? (ಹಿಂದೆ ಮೈಸೂರು ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಾಗಿದ್ದ, ಈಗ ಹಾಸನ ವಿಶ್ವವಿದ್ಯಾಲಯದ ಕ್ಯಾಂಪಸ್ಸಾದ ಹೇಮಗಂಗೋತ್ರಿಯ ಒಬ್ಬ ಅತಿಥಿ ಉಪನ್ಯಾಸಕ)

ಉತ್ತರ: ಧಾರಾಳವಾಗಿ ಕರೆಯಿರಿ. ನಮ್ಮ ಭಾಗದಲ್ಲಿ ಈ ಗೊಂದಲ ಹಳೆಯದು. 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ ಹುಟ್ಟಿದ ಮೇಲೆ ಎಷ್ಟೋ ಕಾಲ ನಮಗೆಲ್ಲ ಅದೇ ತಾಯಿ. 1987ರಲ್ಲಿ ಕುವೆಂಪು ವಿಶ್ವವಿದ್ಯಾಲಯ ಬಂತು, ಚಿಕ್ಕಮಗಳೂರಿನ ಕಾಲೇಜುಗಳು ಆ ಕಡೆ ಹೋದವು. 1998ರಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ (ವಿಟಿಯು) ಬಂತು, ಎಂಜಿನಿಯರಿಂಗ್‌ನವರು ಬೆಳಗಾವಿ ಕಡೆ ಹೋದರು. ಮಲೆನಾಡು ಎಂಜಿನಿಯರಿಂಗ್ ಕಾಲೇಜು 1960ರಷ್ಟು ಹಳೆಯದು. ಅಲ್ಲಿ ತೊಂಬತ್ತರ ದಶಕದ ಆರಂಭದಲ್ಲಿ ಓದಿದ ಅಣ್ಣನ ಸರ್ಟಿಫಿಕೇಟಿನಲ್ಲಿ ಮೈಸೂರು, ಹತ್ತು ವರ್ಷ ಬಿಟ್ಟು ಓದಿದ ತಮ್ಮನದರಲ್ಲಿ ವಿಟಿಯು. ಇಬ್ಬರೂ ಕೂತದ್ದು ಒಂದೇ ಬೆಂಚು.

ಮನುಷ್ಯರಿಗೆ ನೆನಪಿರುವುದು ಕ್ಯಾಂಪಸ್ಸು. ಕುಲಪತಿಗಳ ಸಹಿ ಯಾರಿಗೂ ನೆನಪಿಲ್ಲ. ಹೇಮಗಂಗೋತ್ರಿಯಲ್ಲಿ ಎಂಎ ಓದಿದವರಿಗೆ ಆ ಗಾಳಿ, ಆ ಬಸ್ ಸ್ಟಾಪು ನೆನಪಿರುತ್ತದೆ. ಅವರು ಮೈಸೂರಿನ ಹಳೆ ವಿದ್ಯಾರ್ಥಿಗಳೂ ಹೌದು, ನಿಮ್ಮವರೂ ಹೌದು. ಎರಡು ಮನೆಗೂ ಬರಲಿ ಬಿಡಿ. ಆದರೆ ಒಂದು ಜವಾಬ್ದಾರಿ ಇದೆ. ಯಾವ ವರ್ಷದ ದಾಖಲೆಗೆ ಯಾವ ವಿಶ್ವವಿದ್ಯಾಲಯಕ್ಕೆ ಬರೆಯಬೇಕು ಅಂತ ಒಂದು ಪುಟದ ತಿಳಿವಳಿಕೆ ಪತ್ರ ಮಾಡಿಡಿ. ಪರದೇಶದಲ್ಲಿ ಕೂತವರಿಗೆ ಅದು ಬಹಳ ದೊಡ್ಡ ಸಹಾಯ.

2025ರ ಆರಂಭದಲ್ಲಿ ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚುವ ಮಾತು ಎದ್ದಾಗ ನನಗೆ ಸಂಕಟವಾಯಿತು. ಒಂದು ವಿದ್ಯಾಸಂಸ್ಥೆಯ ಪರವಾಗಿ ಮಾತಾಡಲು ಅಲ್ಲಿ ಓದಿದವರಿಗಿಂತ ಹತ್ತಿರದವರು ಯಾರಿದ್ದಾರೆ? ಅವರನ್ನು ಹುಡುಕಿ ಇಟ್ಟುಕೊಳ್ಳಬೇಕು.

ಪ್ರಶ್ನೆ: ನಾನು ಅರಸೀಕೆರೆ ಕಡೆಯ ಒಂದು ಕಾಲೇಜಿನ ಹಳೆ ವಿದ್ಯಾರ್ಥಿ ಸಂಘದ ಖಜಾಂಚಿ. ನ್ಯೂಜೆರ್ಸಿಯಲ್ಲಿರುವ ಹಿರಿಯರೊಬ್ಬರು ಹಾಸ್ಟೆಲ್ ರಿಪೇರಿಗೆ ಹತ್ತು ಲಕ್ಷ ಕಳಿಸುತ್ತೇನೆ, ಖಾತೆ ನಂಬರ್ ಕೊಡಿ ಅಂದಿದ್ದಾರೆ. ಕೊಡಬಹುದಾ?

ಉತ್ತರ: ಸ್ವಲ್ಪ ತಡೆಯಿರಿ. ಮೊದಲು ಅವರಿಗೆ ಒಂದೇ ಒಂದು ಪ್ರಶ್ನೆ ಕೇಳಿ. ನಿಮ್ಮ ಪಾಸ್‌ಪೋರ್ಟ್ ಯಾವ ದೇಶದ್ದು?

ಕೇಳಲು ಮುಜುಗರ ಅನ್ನಿಸಬಹುದು. ಆದರೂ ಕೇಳಲೇಬೇಕು. ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ 2010 ಅಂತ ಇದೆ. ಎಫ್‌ಸಿಆರ್‌ಎ ಅನ್ನುತ್ತಾರೆ. ಅವರು ಇನ್ನೂ ಭಾರತದ ಪ್ರಜೆಯಾಗಿದ್ದು, ತಮ್ಮ ದುಡಿಮೆಯ ಉಳಿತಾಯವನ್ನು ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಅಲ್ಲ. ಎಲ್ಲಿ ಕೂತು ದುಡಿದರೂ ಸರಿ. ಅಮೆರಿಕದ ಪೌರತ್ವ ಪಡೆದಿದ್ದರೆ ಅದು ವಿದೇಶಿ ದೇಣಿಗೆ. ಭಾರತ ಮೂಲದವರಿಗೆ ಕೊಡುವ ಓಸಿಐ ಕಾರ್ಡ್ ಇದ್ದರೂ ಅಷ್ಟೇ. ಹುಟ್ಟಿದ್ದು ಬಾಣಾವರ, ಓದಿದ್ದು ಅರಸೀಕೆರೆ, ಮನೆಯಲ್ಲಿ ಆಡುವುದು ಕನ್ನಡ, ಎಲ್ಲ ನಿಜ. ಕಾನೂನು ನೋಡುವುದು ಪಾಸ್‌ಪೋರ್ಟನ್ನು. ಎಷ್ಟೋ ಸಂಘಗಳು ಎಡವುವುದು ಇಲ್ಲೇ. ನಮ್ಮ ಹುಡುಗನೇ ಅಲ್ವಾ ಅಂತ ಖಾತೆ ನಂಬರ್ ಕೊಟ್ಟುಬಿಡುತ್ತಾರೆ.

ವಿದೇಶಿ ದೇಣಿಗೆ ತೆಗೆದುಕೊಳ್ಳಬೇಕಾದರೆ ಸಂಘಕ್ಕೆ ಕೇಂದ್ರ ಗೃಹ ಸಚಿವಾಲಯದ ನೋಂದಣಿ ಬೇಕು, ಇಲ್ಲವೇ ಆ ಒಂದು ಮೊತ್ತಕ್ಕೆ ಮುಂಚಿತ ಅನುಮತಿ ಬೇಕು. ನೋಂದಣಿಗೆ ಸಂಘ ಕನಿಷ್ಠ ಮೂರು ವರ್ಷ ಹಳೆಯದಾಗಿರಬೇಕು. ಆ ಮೂರು ವರ್ಷದಲ್ಲಿ ತನ್ನ ಮುಖ್ಯ ಕೆಲಸಕ್ಕೆ 15 ಲಕ್ಷ ರೂಪಾಯಿ ಖರ್ಚು ಮಾಡಿರಬೇಕು. ಹಣ ಮೊದಲು ಬಂದು ಬೀಳಬೇಕಾದದ್ದು ಸ್ಟೇಟ್ ಬ್ಯಾಂಕಿನ ನವದೆಹಲಿ ಮುಖ್ಯ ಶಾಖೆಯ ಖಾತೆಗೆ. 2020ರ ತಿದ್ದುಪಡಿ ಬಂದ ಮೇಲೆ ಹೀಗೆ. ಅದೇ ತಿದ್ದುಪಡಿ ಇನ್ನೊಂದು ಬಾಗಿಲನ್ನೂ ಮುಚ್ಚಿತು. ಎಫ್‌ಸಿಆರ್‌ಎ ಇರುವ ಬೇರೆ ಟ್ರಸ್ಟಿಗೆ ಹಾಕಿಸಿ ಅಲ್ಲಿಂದ ನಮಗೆ ತರಿಸಿಕೊಳ್ಳೋಣ ಅಂತ ಯಾರಾದರೂ ಉಪಾಯ ಹೇಳಿದರೆ ಒಪ್ಪಬೇಡಿ. ಒಂದು ಸಂಸ್ಥೆಗೆ ಬಂದ ವಿದೇಶಿ ದೇಣಿಗೆಯನ್ನು ಇನ್ನೊಂದಕ್ಕೆ ದಾಟಿಸುವಂತಿಲ್ಲ. ಆಡಳಿತ ಖರ್ಚಿಗೂ ನೂರಕ್ಕೆ ಇಪ್ಪತ್ತರ ಮಿತಿ ಇದೆ. ಮೊದಲು ಐವತ್ತಿತ್ತು.

ಕಾಲೇಜು ಪೂರ್ತಿ ಸರ್ಕಾರದ್ದಾದರೆ ಮಾತು ಬೇರೆ. ಕಾಯ್ದೆಯಿಂದ ಅಥವಾ ಸರ್ಕಾರಿ ಆದೇಶದಿಂದ ಹುಟ್ಟಿ, ಪೂರ್ತಿ ಸರ್ಕಾರದ ಒಡೆತನದಲ್ಲಿದ್ದು, ಸಿಎಜಿ (ಮಹಾಲೇಖಪಾಲರ) ಲೆಕ್ಕ ತಪಾಸಣೆ ಕಡ್ಡಾಯ ಇರುವ ಸಂಸ್ಥೆಗಳಿಗೆ ಈ ಕಾಯ್ದೆಯಿಂದ ವಿನಾಯಿತಿ ಇದೆ. ಆದರೆ ಆ ವಿನಾಯಿತಿ ಸಂಸ್ಥೆಗೆ, ಪಕ್ಕದಲ್ಲಿ ನೀವು ಕಟ್ಟಿಕೊಂಡ ಸಂಘಕ್ಕಲ್ಲ. ಈ ಕೆಲಸ ತಿಳಿದ ಚಾರ್ಟರ್ಡ್ ಅಕೌಂಟೆಂಟ್ ಒಬ್ಬರ ಹತ್ತಿರ ಕೂತು ಕಾಗದ ನೋಡಿಸಿ. ಒಂದು ದಿನದ ಫೀಸು ಕೊಟ್ಟರೆ ಎಷ್ಟೋ ವರ್ಷದ ತಲೆನೋವು ತಪ್ಪುತ್ತದೆ.

ಆ ಹಿರಿಯರಿಗೂ ಒಂದು ವಿಷಯ ತಿಳಿಸಿ. ತೆರಿಗೆ ರಿಯಾಯಿತಿಗೆ ನಾವು ಇಲ್ಲಿ ಕೊಡುವ 80ಜಿ ರಸೀದಿಯಿಂದ ಅಮೆರಿಕದಲ್ಲಿ ಅವರಿಗೆ ತೆರಿಗೆ ಉಳಿಯುವುದಿಲ್ಲ. ಅಲ್ಲಿ ಅದಕ್ಕೆ 501(ಸಿ)(3) ಅನ್ನುವ ಮಾನ್ಯತೆ ಪಡೆದ ಸಂಸ್ಥೆ ಬೇಕು. ಅಂಥ ಸಂಸ್ಥೆಗೆ ನೌಕರರು ಕೊಟ್ಟಷ್ಟೇ ಹಣವನ್ನು ತಾವೂ ಸೇರಿಸುವ ಕಂಪನಿಗಳು ಅಲ್ಲಿ ಬಹಳ ಇವೆ. ಐಐಟಿಗಳ ಹಳೆ ವಿದ್ಯಾರ್ಥಿಗಳು ಅಮೆರಿಕದಲ್ಲಿ ಸಂಸ್ಥೆ ಮಾಡಿಕೊಂಡಿರುವುದು ಇದಕ್ಕೇ. ಹತ್ತು ಜನ ಖಾಯಂ ಕೊಡುವವರು ಸಿಕ್ಕ ಮೇಲೆ ಆ ಯೋಚನೆ ಮಾಡಬಹುದು. ಅಲ್ಲಿಂದ ಬರುವ ಹಣಕ್ಕೂ ಇಲ್ಲಿ ಎಫ್‌ಸಿಆರ್‌ಎ ಬೇಕೇ ಬೇಕು, ಮರೆಯಬೇಡಿ.

ನಿಮ್ಮ ಸಭೆಯಲ್ಲಿ ಯಾರಾದರೂ ನಂದನ್ ನಿಲೇಕಣಿಯವರ ಹೆಸರು ಎತ್ತಿಯೇ ಎತ್ತುತ್ತಾರೆ. 2023ರಲ್ಲಿ ಅವರು ಬಾಂಬೆ ಐಐಟಿಗೆ 315 ಕೋಟಿ ರೂಪಾಯಿ ಕೊಟ್ಟರು. ಅವರು ಅಲ್ಲಿ ಸೇರಿದ್ದು 1973ರಲ್ಲಿ. ಅಂದರೆ ಐವತ್ತು ವರ್ಷದ ನಂಟು. ಅದಕ್ಕೆ ಮುಂಚೆಯೇ 85 ಕೋಟಿ ಕೊಟ್ಟಿದ್ದರು. ಮೊತ್ತ ನೋಡಿ ಹೊಟ್ಟೆ ಉರಿದುಕೊಳ್ಳುವ ಬದಲು ಆ ವರ್ಷಗಳನ್ನು ಎಣಿಸಿ ಅಂತ ನಾನು ನಮ್ಮ ಸಂಘದಲ್ಲಿ ಹೇಳುತ್ತಿದ್ದೆ.

ಪ್ರಶ್ನೆ: ನಾನು ಬೇಲೂರಿನವಳು, ಮಸ್ಕತ್‌ನಲ್ಲಿ ನರ್ಸ್. ಓದಿದ ಕಾಲೇಜಿಗೆ ಏನಾದರೂ ಮಾಡಬೇಕು ಅಂತ ಆಸೆ. ಆದರೆ ಅವರ ಆನ್‌ಲೈನ್ ಸಭೆಗೆ ಕರೆಯುವುದು ಅಮೆರಿಕದ ಸಾಫ್ಟ್‌ವೇರ್‌ನವರನ್ನು. ಕೊಡಲು ನನ್ನ ಹತ್ತಿರ ಲಕ್ಷಗಟ್ಟಲೆ ಇಲ್ಲ. ನನ್ನಂಥವರಿಂದ ಏನು ಉಪಯೋಗ?

ಉತ್ತರ: ನಿಮ್ಮ ಪತ್ರ ಎರಡು ಸಲ ಓದಿದೆ. ಎಲ್ಲ ಹಳೆ ವಿದ್ಯಾರ್ಥಿ ಸಂಘಗಳ ಪರವಾಗಿ ನಾನು ನಿಮ್ಮ ಕ್ಷಮೆ ಕೇಳುತ್ತೇನೆ. ನಮ್ಮ ಜಿಲ್ಲೆಯಿಂದ ಕೊಲ್ಲಿ ದೇಶಗಳಿಗೆ ಹೋದ ನರ್ಸ್‌ಗಳು, ಐಟಿಐ ಫಿಟ್ಟರ್‌ಗಳು, ಪಾಲಿಟೆಕ್ನಿಕ್ ಡಿಪ್ಲೊಮಾದವರು ಎಷ್ಟೊಂದು ಜನ. ಯಾವ ಸ್ಮರಣ ಸಂಚಿಕೆಯಲ್ಲೂ ಅವರ ಫೋಟೋ ಇರುವುದಿಲ್ಲ. ಇದು ದೊಡ್ಡ ತಪ್ಪು.

ನಿಮ್ಮಿಂದ ಆಗುವ ಉಪಯೋಗ ಹೇಳುತ್ತೇನೆ. ಈ ವರ್ಷ ಬಿಎಸ್ಸಿ ನರ್ಸಿಂಗ್ ಮುಗಿಸುವ ಹುಡುಗಿಗೆ ಒಮಾನಿನ ಕೆಲಸದ ಕರಾರು ಪತ್ರ ಬಂದರೆ ಅದನ್ನು ಓದಿ ಅರ್ಥ ಹೇಳುವವರು ಹಾಸನದಲ್ಲಿ ಯಾರಿದ್ದಾರೆ? ಊಟ, ವಸತಿ ಸಂಬಳದಲ್ಲೇ ಸೇರಿದೆಯಾ, ಊರಿಗೆ ಬರುವ ಟಿಕೆಟ್ ಯಾರದು, ಏಜೆಂಟ್ ಕೇಳುವ ಹಣ ಸರಿಯಾ, ಪಾಸ್‌ಪೋರ್ಟ್ ಯಾರ ಕೈಯಲ್ಲಿರಬೇಕು. ನಿಮ್ಮ ಅರ್ಧ ಗಂಟೆ ಅವಳ ಎರಡು ವರ್ಷ ಉಳಿಸುತ್ತದೆ. ನಮ್ಮ ಸಂಘದಲ್ಲಿ ಮನೆಮಾತಾಗಿರುವುದು ಲಕ್ಷ ಕೊಟ್ಟವರ ಹೆಸರಲ್ಲ. ಆಗಸ್ಟ್‌ನಲ್ಲಿ ಓದಲು ಹೊರದೇಶಕ್ಕೆ ಹೊಸದಾಗಿ ಹೋದ ಹುಡುಗರಿಗೆ ಮೊದಲ ವಾರ ಮನೆಯಲ್ಲಿ ಜಾಗ ಕೊಟ್ಟು, ಬ್ಯಾಂಕ್ ಖಾತೆ ಮಾಡಿಸಿ, ಚಳಿಗಾಲದ ಕೋಟು ಎಲ್ಲಿ ಸಿಗುತ್ತದೆ ಅಂತ ತೋರಿಸಿದ ಒಂದು ದಂಪತಿಯದು.

ಸಭೆಯ ವೇಳೆಯ ಬಗ್ಗೆ ನಿಮ್ಮ ಸಂಘದವರಿಗೆ ಈ ಲೆಕ್ಕ ಕೊಡಿ. ನಾವು ಎಡವಿ ಎಡವಿ ಕಲಿತದ್ದು. ನಮ್ಮಲ್ಲಿ ಶನಿವಾರ ರಾತ್ರಿ ಎಂಟೂವರೆ ಅಂದರೆ ಮಸ್ಕತ್‌ನಲ್ಲಿ ಏಳು ಗಂಟೆ. ಲಂಡನ್ನಿನಲ್ಲಿ ಬೇಸಿಗೆಯಾದರೆ ಮಧ್ಯಾಹ್ನ ನಾಲ್ಕು, ಕ್ಯಾಲಿಫೋರ್ನಿಯಾದಲ್ಲಿ ಬೆಳಿಗ್ಗೆ ಎಂಟು. ಚಳಿಗಾಲದಲ್ಲಿ ಆ ಎರಡು ಕಡೆ ಒಂದು ಗಂಟೆ ಮುಂಚೆ. ಒಮಾನಿನಲ್ಲಿ ವಾರದ ರಜೆ ಶುಕ್ರವಾರ ಮತ್ತು ಶನಿವಾರ. ಭಾನುವಾರ ಸಭೆ ಇಟ್ಟರೆ ನೀವು ಡ್ಯೂಟಿಯಲ್ಲಿರುತ್ತೀರಿ. ಸಿಡ್ನಿಯವರಿಗೆ ಮಾತ್ರ ನಮ್ಮ ಶನಿವಾರ ರಾತ್ರಿ ಆಗುವುದೇ ಇಲ್ಲ, ಅವರಿಗೆ ನಡುರಾತ್ರಿ ದಾಟಿರುತ್ತದೆ. ಅವರಿಗೂ ಸಿಂಗಪುರದವರಿಗೂ ಭಾನುವಾರ ಬೆಳಿಗ್ಗೆ ಏಳೂವರೆಗೆ ಬೇರೆ ಸಭೆ ಮಾಡಬೇಕು. ನಾವು ತಿಂಗಳು ಬಿಟ್ಟು ತಿಂಗಳು ಹೀಗೆ ಬದಲಾಯಿಸುತ್ತೇವೆ.

ಕೊಡುವುದು ಹೊರಗಿನವರು, ಪಡೆಯುವುದು ಊರಿನವರು ಅಂತ ನೀವು ಅಂದುಕೊಳ್ಳುವುದೂ ಬೇಡ. 2020ರ ಮಾರ್ಚ್ 23ಕ್ಕೆ ಮಾಮೂಲಿ ಅಂತರರಾಷ್ಟ್ರೀಯ ವಿಮಾನಗಳು ನಿಂತವು. ಪೂರ್ತಿಯಾಗಿ ಮತ್ತೆ ಶುರುವಾದದ್ದು 2022ರ ಮಾರ್ಚ್ 27ಕ್ಕೆ. ಆ ಎರಡು ವರ್ಷ ನಮ್ಮ ಎಂಟು ನೋಟುಬುಕ್ಕುಗಳು ಬೇರೆ ಕೆಲಸಕ್ಕೆ ಬಂದವು. ಯಾವ ಊರಿನಲ್ಲಿ ಯಾರ ತಂದೆ ತಾಯಿ ಒಬ್ಬರೇ ಇದ್ದಾರೆ ಅಂತ ಅದರಲ್ಲಿತ್ತು. ಊರಿನಲ್ಲಿದ್ದ ಹಳೆ ವಿದ್ಯಾರ್ಥಿಗಳು ಬೈಕಿನಲ್ಲಿ ಮಾತ್ರೆ ಮುಟ್ಟಿಸಿದರು, ಆಸ್ಪತ್ರೆಯ ಹೊರಗೆ ರಾತ್ರಿ ಕಾದರು. ಎರಡು ಮನೆಗಳಲ್ಲಿ ಮಕ್ಕಳು ವಿಡಿಯೋದಲ್ಲಿ ನೋಡುತ್ತಿದ್ದಂತೆ ಅವರೇ ಕೊನೆಯ ಕಾರ್ಯಕ್ಕೆ ನಿಂತರು. ನಮ್ಮ ಜಾಲ ನಿಜವಾಗಿ ಜಾಲವಾದದ್ದು ಆಗ. ನಿಮ್ಮ ತಂದೆ ತಾಯಿ ಬೇಲೂರಿನಲ್ಲೇ ಇದ್ದರೆ ಅವರ ಹೆಸರನ್ನೂ ಸಂಘದ ಪುಸ್ತಕದಲ್ಲಿ ಬರೆಸಿ.

ಪ್ರಶ್ನೆ: ನಾನು ಎಂಎಸ್ಸಿ ಎರಡನೇ ವರ್ಷ. ಜರ್ಮನಿಯಲ್ಲಿರುವ ಸೀನಿಯರ್‌ಗಳಿಗೆ ಲಿಂಕ್ಡ್‌ಇನ್‌ನಲ್ಲಿ ಮೆಸೇಜ್ ಮಾಡಿದರೆ ಯಾರೂ ಉತ್ತರಿಸುವುದಿಲ್ಲ. (ಕೊಣನೂರು)

ಉತ್ತರ: "ಸರ್, ಪ್ಲೀಸ್ ಗೈಡ್ ಮಿ" ಅಂತ ಬರೆದಿದ್ದೀಯ, ಅಲ್ವಾ? ಅದಕ್ಕೆ ಏನು ಉತ್ತರ ಬರೆಯಬೇಕು ಅಂತ ಅವರಿಗೂ ತೋಚುವುದಿಲ್ಲ. ಮೊದಲ ಸಾಲಿನಲ್ಲಿ ಊರು, ಕಾಲೇಜು, ಪಾಠ ಮಾಡಿದ ಮೇಷ್ಟ್ರ ಹೆಸರು. ಎರಡನೆಯದರಲ್ಲಿ ನೀನು ಈವರೆಗೆ ಏನು ಮಾಡಿದ್ದೀಯ. ಮೂರನೆಯದರಲ್ಲಿ ಹತ್ತು ನಿಮಿಷದಲ್ಲಿ ಉತ್ತರ ಹೇಳಬಹುದಾದ ಒಂದೇ ಪ್ರಶ್ನೆ. "ವೀಸಾಕ್ಕೆ ಖರ್ಚಿನ ಹಣ ತೋರಿಸುವ ಬ್ಲಾಕ್ಡ್ ಅಕೌಂಟಿಗೆ ಸಾಲದ ಹಣ ಹಾಕಬಹುದಾ, ನೀವು ಹೇಗೆ ಹೊಂದಿಸಿದಿರಿ?" ಅಂತ ಕೇಳಿ ನೋಡು. ಉತ್ತರ ಬಂದ ಮೇಲೆ ಏನಾಯಿತು ಅಂತ ತಿರುಗಿ ತಿಳಿಸು. ಬಹಳ ಮಕ್ಕಳು ಅದೊಂದನ್ನು ಮರೆಯುತ್ತಾರೆ. ನಮ್ಮ ಹಿರಿಯ ಸದಸ್ಯರು ಬೇಸರ ಪಟ್ಟುಕೊಂಡು ಹೇಳುವುದು ಅದನ್ನೇ.

ಪ್ರಶ್ನೆ: ಹಳೆ ವಿದ್ಯಾರ್ಥಿಗಳ ಫಾರಂ ತುಂಬಿದ ಮೇಲೆ ವಿದೇಶಿ ಶಿಕ್ಷಣದ ಏಜೆಂಟರಿಂದ ನನ್ನ ತಂಗಿಗೆ ಫೋನ್ ಬರತೊಡಗಿದೆ. ಇದು ಸರಿಯಾ? (ಕಡೂರು)

ಉತ್ತರ: ಸರಿಯಲ್ಲ. ನಾವೂ ಒಮ್ಮೆ ಈ ತಪ್ಪು ಮಾಡಿದ್ದೇವೆ. 2016ರಲ್ಲಿ ಫೋನ್ ನಂಬರ್ ಸಮೇತ ಡೈರೆಕ್ಟರಿ ಅಚ್ಚು ಹಾಕಿಸಿ ಹಂಚಿದೆವು. ಮೂರು ವಾರದಲ್ಲಿ ಸದಸ್ಯರಿಗೆ ಜಾಹೀರಾತಿನ ಕರೆಗಳು. ಉಳಿದ ಪ್ರತಿಗಳನ್ನು ವಾಪಸ್ ತರಿಸಿ ಸುಟ್ಟೆವು, ಒಬ್ಬೊಬ್ಬರಿಗೂ ಕ್ಷಮೆ ಕೇಳಿ ಬರೆದೆವು. ಯುರೋಪಿನಲ್ಲಿ 2018ರಿಂದ ಇದಕ್ಕೆ ಬಿಗಿಯಾದ ಕಾನೂನಿದೆ. ನಮ್ಮಲ್ಲೂ 2023ರಲ್ಲಿ ಡಿಜಿಟಲ್ ವೈಯಕ್ತಿಕ ಮಾಹಿತಿ ರಕ್ಷಣೆಯ ಕಾಯ್ದೆ ಬಂದಿದೆ. ಯಾವ ಕೆಲಸಕ್ಕೆ ಅಂತ ಹೇಳಿ, ಒಪ್ಪಿಗೆ ಪಡೆದು, ಅದಕ್ಕೆ ಮಾತ್ರ ಬಳಸಬೇಕು. ಸಂಘಕ್ಕೆ ಲಿಖಿತವಾಗಿ ಕೇಳಿ, ತಂಗಿಯ ನಂಬರ್ ತೆಗೆಸಿ.

ಪ್ರಶ್ನೆ: ನನ್ನ ಮಗ ನ್ಯೂಜಿಲೆಂಡಿಗೆ ಹೋಗಿ ಹದಿನಾರು ವರ್ಷ. ಚಿಕ್ಕಮಗಳೂರಿನ ಅವನ ಕಾಲೇಜಿನಿಂದ ಪ್ರತಿ ಸಲ ಹಳೆ ವಿದ್ಯಾರ್ಥಿ ಸಮಾವೇಶಕ್ಕೆ ಕರೆಯುತ್ತಾರೆ. ಊರಲ್ಲಿದ್ದರೂ ಹೋಗುವುದಿಲ್ಲ. ಕೇಳಿದರೆ, "ಅಮ್ಮ, ನಾನು ಮೂರು ಸಬ್ಜೆಕ್ಟು ಫೇಲಾಗಿ ಎರಡು ವರ್ಷ ಕೂತವನು, ಅಲ್ಲಿ ಯಾರ ಮುಂದೆ ನಿಲ್ಲಲಿ" ಅನ್ನುತ್ತಾನೆ. (ಮೂಡಿಗೆರೆ)

ಉತ್ತರ: ಅವನ ಮಾತಿನಲ್ಲಿ ತಪ್ಪಿಲ್ಲ ಅಕ್ಕ. ವೇದಿಕೆಯ ಮೇಲೆ ಕೂರಿಸುವುದು ರ‍್ಯಾಂಕ್ ಬಂದವರನ್ನು, ಕಂಪನಿ ಕಟ್ಟಿದವರನ್ನು. ಹಿಂದಿನ ಸಾಲಿನಲ್ಲಿ ಕೂತವನಿಗೆ ಇಪ್ಪತ್ತು ವರ್ಷದ ಹಿಂದಿನ ನೋಟಿಸ್ ಬೋರ್ಡ್ ಮತ್ತೆ ಕಣ್ಣಿಗೆ ಬರುತ್ತದೆ. ನಾವು ಇದನ್ನು ತಡವಾಗಿ ಅರ್ಥ ಮಾಡಿಕೊಂಡೆವು. 2018ರಿಂದ ವೇದಿಕೆ ತೆಗೆದೆವು. ಡಿಸೆಂಬರ್ ಕೊನೆಯ ಭಾನುವಾರ ಕಾಲೇಜಿನ ಅಂಗಳದಲ್ಲಿ ಜಮಖಾನ ಹಾಸಿ ಕೂರುತ್ತೇವೆ. ಆ ಹೊತ್ತಿಗೆ ಸೊಗಡವರೆ ಬಂದಿರುತ್ತದೆ. ಮುದ್ದೆ, ಅವರೆಕಾಳು ಸಾರು. ಭಾಷಣ ಇಲ್ಲ. ಬಡಿಸುವವರು ಹಾಸ್ಟೆಲ್‌ನಲ್ಲಿ ಓದಿದವರು. ಯಾರು ಎಷ್ಟು ಅಂಕ ತೆಗೆದರು ಅಂತ ಅಲ್ಲಿ ಯಾರಿಗೂ ನೆನಪಾಗುವುದಿಲ್ಲ. ಮೊದಲ ವರ್ಷವೇ, ಅದುವರೆಗೆ ಒಮ್ಮೆಯೂ ಬಾರದಿದ್ದ ಇಪ್ಪತ್ತು ಜನ ಬಂದರು.

ನಿಮ್ಮ ಮಗ ಅಲ್ಲಿ ಏನು ಕೆಲಸ ಮಾಡುತ್ತಾನೆ ಅಂತ ನೀವು ಬರೆದಿಲ್ಲ. ಯಾವ ಕೆಲಸವಾದರೂ ಸರಿ. ಮೂರು ಸಬ್ಜೆಕ್ಟು ಫೇಲಾಗಿ, ಪಾಸು ಮಾಡಿಕೊಂಡು, ಅಷ್ಟು ದೂರ ಹೋಗಿ ಹದಿನಾರು ವರ್ಷ ಬಾಳಿದ್ದಾನೆ. ಈ ವರ್ಷ ಸಪ್ಲಿಮೆಂಟರಿ ಕಟ್ಟಿ, ಅಪ್ಪನ ಮುಖ ನೋಡಲಾಗದೆ ಕೂತಿರುವ ಹುಡುಗನಿಗೆ ಮಾತಾಡಿಸಲು ಬೇಕಾದವನು ಅವನೇ. ರ‍್ಯಾಂಕ್ ಬಂದವರಿಂದ ಅದು ಆಗುವುದಿಲ್ಲ. ಈ ಮಾತನ್ನು ನಾನು ಹೇಳಿದೆ ಅಂತ ಅವನಿಗೆ ಓದಿ ಹೇಳಿ.

ಅವನು ಓದಿದ ವರ್ಷ, ಹಾಸ್ಟೆಲ್‌ನಲ್ಲಿದ್ದರೆ ರೂಂ ನಂಬರ್, ಇಷ್ಟನ್ನು ಪತ್ರಿಕೆಯ ವಿಳಾಸಕ್ಕೆ ಬರೆದು ಕಳಿಸಿ. ಚಿಕ್ಕಮಗಳೂರಿನ ನನ್ನ ಗೆಳತಿಯರಿಗೆ ಹೇಳಿ ಆ ಬ್ಯಾಚಿನ ಗ್ರೂಪ್ ಫೋಟೋ ಹುಡುಕಿಸುತ್ತೇನೆ. ಡಿಸೆಂಬರ್‌ನಲ್ಲಿ ನಿಮಗೆ ಕಾಫಿ ಕೊಯ್ಲಿನ ಗಡಿಬಿಡಿ, ತೋಟ ಬಿಟ್ಟು ಹೊರಡುವುದು ಕಷ್ಟ ಅಂತ ಗೊತ್ತು. ಅವನು ಊರಿಗೆ ಬಂದಾಗ ತಿಳಿಸಿ, ಅವನ ರೂಂಮೇಟುಗಳಲ್ಲಿ ಸಿಕ್ಕವರನ್ನು ಕರೆದುಕೊಂಡು ನಾವೇ ನಿಮ್ಮ ಮನೆಗೆ ಬರುತ್ತೇವೆ.